ಗೋದಾಮಿನ ಲೋಡಿಂಗ್ ಕಟ್ಟೆಗೆ ರಬ್ಬರ್ ಬಫರ್: ಅಳತೆಯಿಂದ ಅಳವಡಿಕೆಯವರೆಗೆ

ದಾವಣಗೆರೆಯ ಮೆಕ್ಕೆಜೋಳದ ಗೋದಾಮಾಗಲಿ, ಚಳ್ಳಕೆರೆಯ ಎಣ್ಣೆ ಗಿರಣಿಯಾಗಲಿ, ಲಾರಿ ಹಿಮ್ಮುಖವಾಗಿ ಬಂದು ನಿಲ್ಲುವ ಕಟ್ಟೆಯ ಅಂಚು ಹಾಳಾಗುವ ಬಗೆ ಒಂದೇ. ಮೊದಲು ಮೇಲಂಚಿನ ಸಿಮೆಂಟು ಚಕ್ಕೆ ಏಳುತ್ತದೆ. ಆ ಬಿರುಕಿನಲ್ಲಿ ಮಳೆನೀರು ಇಳಿದು ಒಳಗಿನ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ, ಲಾರಿ ಎಂದೂ ತಾಗದ ಭಾಗದ ಕಾಂಕ್ರೀಟನ್ನೂ ಒಡೆಯುತ್ತದೆ. ಕೊನೆಗೆ ಮೂಟೆ ಹೊತ್ತ ಹಮಾಲರು ಕಾಲಿಡುವ ಜಾಗವೇ ಕುಸಿದು, ಸುಗ್ಗಿಯ ನಡುವೆ ಒಂದು ಬಾಗಿಲನ್ನು ಮುಚ್ಚಿ ರಿಪೇರಿ ಮಾಡಿಸಬೇಕಾಗುತ್ತದೆ. ಇದನ್ನು ತಡೆಯುವುದು ರಬ್ಬರ್ ಬಫರ್, ಅಂದರೆ ಲಾರಿಯ ಗುದ್ದನ್ನು ತಾಳಲು ಕಟ್ಟೆಯ ಮುಖಕ್ಕೆ ಬಿಗಿಯುವ ರಬ್ಬರ್ ಗಟ್ಟಿ; ಕಟ್ಟೆಯ ರಿಪೇರಿಯ ಖರ್ಚಿನ ಮುಂದೆ ಅದು ದುಬಾರಿಯೇನಲ್ಲ. ಆದರೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು, ಮೇಸ್ತ್ರಿಯ ಕೈಗೆ ಕೊಟ್ಟು, ನಾಲ್ಕು ಬೋಲ್ಟ್ ಹೊಡೆಸಿ ಮುಗಿಸಿದ ಬಫರ್‌ಗಳು ಬೇಗನೆ ಕಿತ್ತು ಬೀಳುತ್ತವೆ. ಹಾಗೆ ಬೀಳುವುದಕ್ಕೆ ರಬ್ಬರಿನ ದೋಷ ಕಾರಣವಾಗುವುದು ಕಡಿಮೆ. ಬರುವ ಲಾರಿಗಳ ಎತ್ತರವನ್ನು ಅಳೆಯದೆ ಇರುವುದು ಮತ್ತು ಬೋಲ್ಟ್ ಹಿಡಿಯಬೇಕಾದ ಗೋಡೆ ಎಂಥದು ಎಂದು ನೋಡದೆ ಇರುವುದು ಹೆಚ್ಚಿನ ಕಡೆ ಕಾರಣ. ಈ ಬರಹದಲ್ಲಿ ಖರೀದಿಗಿಂತ ಅಳತೆಗೆ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕಾಗಿಯೇ.

ಹೊಡೆತದ ಲೆಕ್ಕ

ಸರಕಿನ ಸಮೇತ ಸುಮಾರು 28 ಟನ್ ತೂಗುವ 10 ಚಕ್ರದ ಲಾರಿಯೊಂದು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 3.6 ಕಿ.ಮೀ. ವೇಗದಲ್ಲಿ, ಹಿಂದಕ್ಕೆ ಬರುತ್ತಿದೆ ಎಂದುಕೊಳ್ಳೋಣ. ಇದು ಮನುಷ್ಯ ನಿಧಾನವಾಗಿ ನಡೆಯುವ ವೇಗ; ಚಾಲಕನಿಗೆ ವೇಗವೆಂದೇ ಅನ್ನಿಸುವುದಿಲ್ಲ. ಆ ಲಾರಿಯಲ್ಲಿರುವ ಚಲನಶಕ್ತಿ 14,000 ಜೌಲ್. 50 ಕೆ.ಜಿ.ಯ 20 ಮೂಟೆಗಳನ್ನು ಒಟ್ಟಿಗೆ ಕಟ್ಟಿ ಸುಮಾರು 1.4 ಮೀಟರ್ ಎತ್ತರದಿಂದ ಬೀಳಿಸಿದರೆ ನೆಲಕ್ಕೆ ತಾಗುವ ಶಕ್ತಿಯೂ ಅಷ್ಟೇ. ಈ ಶಕ್ತಿಯನ್ನು ಎಷ್ಟು ದೂರದಲ್ಲಿ ತಡೆದು ನಿಲ್ಲಿಸುತ್ತೇವೆ ಎಂಬುದರ ಮೇಲೆ ಗೋಡೆಗೆ ಬೀಳುವ ಒತ್ತಡ ನಿಂತಿದೆ. ಬರಿಯ ಕಾಂಕ್ರೀಟಿಗೆ ತಾಗಿ 5 ಮಿ.ಮೀ. ಒಳಗೆ ಲಾರಿ ನಿಂತರೆ ಸರಾಸರಿ ಬಲ 285 ಟನ್ ಭಾರಕ್ಕೆ ಸಮ. ರಬ್ಬರ್ 25 ಮಿ.ಮೀ. ಅಮುಕಿಕೊಂಡು ಲಾರಿಯನ್ನು ನಿಲ್ಲಿಸಿದರೆ ಅದೇ ಬಲ 57 ಟನ್‌ಗೆ ಇಳಿಯುತ್ತದೆ. ಎರಡು ಬಫರ್‌ಗಳಿಗೂ ಲಾರಿ ಸಮನಾಗಿ ತಾಗಿದರೆ ಒಂದೊಂದರ ಪಾಲು 28 ಟನ್‌ನಷ್ಟು. ಲಾರಿಯ ಚೌಕಟ್ಟು, ಟೈರು, ಮೇಲಿರುವ ಮೂಟೆಗಳು ಕೂಡ ಸ್ವಲ್ಪ ಶಕ್ತಿಯನ್ನು ನುಂಗುವುದರಿಂದ ನಿಜದ ಬಲ ಇದಕ್ಕಿಂತ ಕಡಿಮೆ ಇರುತ್ತದೆ. ಆದರೂ ರಬ್ಬರ್ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ ಈ ಲೆಕ್ಕದಲ್ಲಿ ಕಾಣುತ್ತದೆ.

ಇದೇ ಲೆಕ್ಕದಿಂದ ಇನ್ನೂ ಎರಡು ಸಂಗತಿ ಹೊರಡುತ್ತವೆ. ವೇಗ ಅರ್ಧಕ್ಕೆ ಇಳಿದರೆ ಹೊಡೆತದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಬಫರ್ ಹಾಕಿಸಿದ್ದೇವೆಂದು ಚಾಲಕರು ಧೈರ್ಯವಾಗಿ ಹಿಂದಕ್ಕೆ ಬಿಡುವುದು ಶುರುವಾದರೆ ಹಾಕಿದ ಹಣ ನೀರಿಗೆ ಹೋದಂತೆಯೇ. ಇನ್ನೊಂದು, ಲಾರಿ ಓರೆಯಾಗಿ ಬಂದರೆ ಇಡೀ ಹೊಡೆತವನ್ನು ಒಂದೇ ಬಫರ್ ತಿನ್ನುತ್ತದೆ. ಕಟ್ಟೆಯ ಮುಂದೆ ನೆಲದ ಮೇಲೆ ಲಾರಿ ನಿಲ್ಲಬೇಕಾದ ಸಾಲಿಗೆ ಎರಡು ಹಳದಿ ಗೆರೆ ಎಳೆಸಿ, ಅವು ಚಾಲಕನ ಕನ್ನಡಿಯಲ್ಲಿ ಕಾಣುವಷ್ಟು ಮುಂದಕ್ಕೆ, ಹದಿನೈದು ಮೀಟರಿನ ತನಕ, ಬರುವಂತೆ ನೋಡಿಕೊಳ್ಳಿ.

ಲಾರಿಯನ್ನು ಅಳೆಯುವುದು

ಬಫರ್ ಕೊಳ್ಳುವ ಮೊದಲು ಒಂದು ವಾರ ಕಟ್ಟೆಗೆ ಬರುವ ಎಲ್ಲ ವಾಹನಗಳ ಹಿಂಭಾಗವನ್ನು ಅಳೆದು ಬರೆದಿಡಬೇಕು. ನೆಲದಿಂದ ಲಾರಿಯ ತಳದ ಮೇಲ್ಮೈಗೆ ಎಷ್ಟು ಎತ್ತರ, ತಳದ ಚೌಕಟ್ಟಿನ ಕೆಳ ಅಂಚಿಗೆ ಎಷ್ಟು, ಹಿಂಭಾಗ ಎಷ್ಟು ಅಗಲ ಎಂಬ ಮೂರು ಅಳತೆ ಸಾಕು. ಎತ್ತರವನ್ನು ಮಾತ್ರ ಎರಡು ಸಲ ತೆಗೆಯಬೇಕು, ಸರಕು ತುಂಬಿದಾಗ ಒಮ್ಮೆ ಮತ್ತು ಖಾಲಿಯಾದಾಗ ಇನ್ನೊಮ್ಮೆ.

ಈ ಎರಡನೆಯ ಅಳತೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಬಫರ್ ಕೀಳುವುದೂ ಅಲ್ಲಿಂದಲೇ. ತುಂಬಿದ ಲಾರಿಯಿಂದ ಹದಿನೈದು ಹದಿನಾರು ಟನ್ ಇಳಿಸುತ್ತಾ ಹೋದಂತೆ ಹಿಂದಿನ ಕಮಾನು ಪಟ್ಟಿಗಳು ಸಡಿಲಗೊಂಡು ಲಾರಿಯ ತಳ ಸಾಮಾನ್ಯವಾಗಿ ಮೂರು ನಾಲ್ಕು ಇಂಚು ಮೇಲೇಳುತ್ತದೆ. ಇಳಿಸಲು ಬಂದಾಗ ಅದರ ತಳದ ಅಂಚು ಬಫರಿನ ಕೆಳ ಅಂಚಿಗಿಂತ ಕೆಳಗಿದ್ದು, ಲಾರಿ ಕಟ್ಟೆಗೆ ಒತ್ತಿ ನಿಂತಿದ್ದರೆ, ಮೇಲೇಳುವಾಗ ಆ ಅಂಚು ಬಫರಿನ ಅಡಿಗೆ ಸಿಕ್ಕಿ ಅದನ್ನು ಜ್ಯಾಕಿನಂತೆ ಎತ್ತುತ್ತದೆ. ಎಷ್ಟೇ ಗಟ್ಟಿಯಾದ ಬೋಲ್ಟಾದರೂ ಈ ಎತ್ತುವಿಕೆಯನ್ನು ತಡೆಯಲಾರದು. ಬೋಲ್ಟು ಕೀಳದಿದ್ದರೆ ಅದರ ಸುತ್ತಲಿನ ಕಾಂಕ್ರೀಟೇ ಎದ್ದು ಬರುತ್ತದೆ. ತುಂಬಿಸುವಾಗ ಇದರ ತಿರುವುಮುರುವು ನಡೆಯುತ್ತದೆ. ಖಾಲಿ ಲಾರಿಯ ತಳ ಬಫರಿಗಿಂತ ಮೇಲಿದ್ದು, ಮೂಟೆ ಬಿದ್ದಂತೆಲ್ಲ ಇಳಿದು ಬಫರಿನ ತಲೆಯ ಮೇಲೆ ಕೂರುತ್ತದೆ. ಹೊರಡುವಾಗ ರಬ್ಬರನ್ನು ಎಳೆದುಕೊಂಡೇ ಹೊರಡುತ್ತದೆ. ಆದ್ದರಿಂದ ತುಂಬಿದ ಲಾರಿಗಳ ಪೈಕಿ ಅತಿ ತಗ್ಗಿನದರ ಕೆಳ ಅಂಚಿನಿಂದ ಖಾಲಿ ಲಾರಿಗಳ ಪೈಕಿ ಅತಿ ಎತ್ತರದ್ದರ ತಳದವರೆಗಿನ ಪಟ್ಟಿಯನ್ನು ಬಫರ್ ಆದಷ್ಟೂ ಆವರಿಸಿರಬೇಕು. ನೆಲದಿಂದ 1.2 ಮೀಟರ್ ಆಸುಪಾಸು ಎತ್ತರದ ಕಟ್ಟೆಗೆ ಅಡ್ಡಲಾಗಿ ಕೂರಿಸುವ 250 ಮಿ.ಮೀ. ಎತ್ತರದ ಬಫರಿಗಿಂತ, ಮೇಲಂಚಿನಿಂದ ಕೆಳಕ್ಕೆ 500-600 ಮಿ.ಮೀ. ಇಳಿಯುವ ಉದ್ದನೆಯ ಬಫರ್ ನಮ್ಮ ಕಡೆಯ ಮಿಶ್ರ ವಾಹನಗಳಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಖಾಲಿ ಲಾರಿಯ ತಳ ಕಟ್ಟೆಗಿಂತಲೂ ಎತ್ತರಕ್ಕೆ ಹೋಗುವುದಾದರೆ, ಬಫರಿನ ಹಿಂದಿನ ಉಕ್ಕಿನ ತಗಡನ್ನು ಅಷ್ಟು ಮೇಲಕ್ಕೆ ಚಾಚಿ, ಅದು ಹಮಾಲರ ದಾರಿಗೆ ಅಡ್ಡವಾಗದಂತೆ ಬಾಗಿಲಿನ ಎರಡು ಪಕ್ಕಕ್ಕೆ ಮಾತ್ರ ಕೂರಿಸಬೇಕು.

ಅಗಲದ ಅಳತೆ ಯಾಕೆಂದರೆ, ಕಟ್ಟೆಗೆ ದೊಡ್ಡ ಲಾರಿಗಳಷ್ಟೇ ಬರುವುದಿಲ್ಲ. ದೊಡ್ಡ ಲಾರಿಯ ಹಿಂಭಾಗ ಸುಮಾರು 2.4 ಮೀಟರ್ ಅಗಲವಿರುತ್ತದೆ. ಅದಕ್ಕೆಂದು ಬಫರ್‌ಗಳನ್ನು ಎರಡು ಮೀಟರ್ ಅಂತರದಲ್ಲಿ ಹಾಕಿದರೆ, ಒಂದೂವರೆ ಮೀಟರ್ ಅಗಲದ ಟಾಟಾ ಏಸ್‌ನಂಥ ಪುಟ್ಟ ಗಾಡಿ ಎರಡರ ನಡುವೆ ನುಸುಳಿ ನೇರವಾಗಿ ಗೋಡೆಗೆ ಗುದ್ದುತ್ತದೆ. ಮಂಡಕ್ಕಿ ಚೀಲ, ದಿನಸಿ, ಈರುಳ್ಳಿ ಸಾಗಿಸುವ ಇಂಥ ಗಾಡಿಗಳು ದಾವಣಗೆರೆ, ಚಿತ್ರದುರ್ಗಗಳ ಯಾವ ಗೋದಾಮಿನ ಮುಂದೆಯೂ ಇದ್ದೇ ಇರುತ್ತವೆ. ಅವುಗಳ ತಳವೂ ತಗ್ಗು. ಇಂಥ ಕಡೆ ಎರಡು ಉದ್ದನೆಯ ಬಫರ್‌ಗಳ ನಡುವೆ, ಕೆಳಮಟ್ಟದಲ್ಲಿ, ಮೂರನೆಯದೊಂದನ್ನು ಅಡ್ಡಲಾಗಿ ಹಾಕಬೇಕು. ಇಲ್ಲವೇ ಪುಟ್ಟ ಗಾಡಿಗಳಿಗೆ ಒಂದು ಬಾಗಿಲನ್ನೇ ಬೇರೆ ಮಾಡಿಬಿಡಬೇಕು. ಜಾಗವಿದ್ದರೆ ಎರಡನೆಯದೇ ಲೇಸು.

ನೆಲದ ಇಳಿಜಾರನ್ನೂ ನೋಡಿ. ಅಂಗಳ ಕಟ್ಟೆಯ ಕಡೆಗೆ ಇಳಿಯುತ್ತಿದ್ದರೆ ಲಾರಿಯ ತಲೆ ಗೋಡೆಯತ್ತ ವಾಲುತ್ತದೆ. ತಳದಿಂದ 2.6 ಮೀಟರ್ ಎತ್ತರದ ಕಂಟೇನರ್, ನೂರಕ್ಕೆ ಒಂದರ ಇಳಿಜಾರಿಗೆ 26 ಮಿ.ಮೀ. ವಾಲುತ್ತದೆ, ನೂರಕ್ಕೆ ನಾಲ್ಕಿದ್ದರೆ ನಾಲ್ಕು ಇಂಚು. ಆಗ ನಾಲ್ಕು ಇಂಚು ದಪ್ಪದ ಬಫರಿಗೆ ಕೆಳಗೆ ಲಾರಿ ತಾಗುವ ಹೊತ್ತಿಗೇ ಮೇಲೆ ಅದರ ತುದಿ ಗೋಡೆಗೆ ತಾಗಿರುತ್ತದೆ. ಗೋಡೆ ಕಟ್ಟೆಯ ಅಂಚಿನಿಂದ ಹಿಂದಕ್ಕಿದ್ದರೆ ಈ ಚಿಂತೆಯಿಲ್ಲ, ಆದರೆ ಮುಂಚಾಚಿದ ಶೀಟಿನ ಸೂರಿಗೆ ಏರಿಸಿ ಕಟ್ಟಿದ ಹೊಟ್ಟಿನ ಚೀಲಗಳ ಲೋಡು ಸಿಕ್ಕಿಕೊಳ್ಳುವುದುಂಟು. ಅದಕ್ಕೆ ಬಫರ್ ಪರಿಹಾರವಲ್ಲ, ಸೂರನ್ನೇ ಎತ್ತಿಸಬೇಕು.

ಇಷ್ಟೆಲ್ಲ ಯಾಕೆ, ನೆಲದಲ್ಲಿ ಚಕ್ರಕ್ಕೊಂದು ಅಡ್ಡಗಟ್ಟೆ ಕಟ್ಟಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಹಿಂದಿನ ಚಕ್ರದಿಂದ ಲಾರಿಯ ಹಿಂತುದಿಗೆ ಇರುವ ದೂರ ಒಂದೊಂದು ಲಾರಿಗೆ ಒಂದೊಂದು. ಒಂದಕ್ಕೆ ಸರಿಹೋದ ಅಡ್ಡಗಟ್ಟೆ ಇನ್ನೊಂದನ್ನು ಎರಡಡಿ ದೂರದಲ್ಲೇ ನಿಲ್ಲಿಸುತ್ತದೆ, ಮತ್ತೊಂದನ್ನು ಗುದ್ದುವುದಕ್ಕೆ ಬಿಡುತ್ತದೆ. ಲಾರಿ ನಿಂತ ಮೇಲೆ ಉರುಳದಂತೆ ಚಕ್ರದಡಿಗೆ ಕೊಡುವ ಬಿಡಿ ಅಡ್ಡಗಟ್ಟಿ ಬೇರೆ, ಅದು ಇರಲೇಬೇಕು.

ಗೋಡೆ ಯಾವುದರದು

ಬಫರ್ ಹಿಡಿಯುವ ಕೆಲಸ ಬೋಲ್ಟಿನದು, ಬೋಲ್ಟನ್ನು ಹಿಡಿಯುವ ಕೆಲಸ ಗೋಡೆಯದು. ಸರಳು ಹಾಕಿದ ಒಳ್ಳೆಯ ಕಾಂಕ್ರೀಟ್ ಗೋಡೆಯಾದರೆ ಗೋಡೆ ಕೊರೆದು ಒಳಗೆ ಕೂರಿಸುವ 16 ಅಥವಾ 20 ಮಿ.ಮೀ.ನ ಆ್ಯಂಕರ್ ಬೋಲ್ಟ್ ಸಾಕು. ಹಳೆಯ ಗೋದಾಮುಗಳ ಕಟ್ಟೆ ಸೈಜುಗಲ್ಲಿನದೋ ಇಟ್ಟಿಗೆಯದೋ ಆಗಿದ್ದು, ಮೇಲೆ ಮೂರು ಇಂಚಿನ ಕಾಂಕ್ರೀಟ್ ಹಾಸು ಮಾತ್ರ ಇರುತ್ತದೆ. ಮುಖಕ್ಕೆ ಗಿಲಾವು ಆಗಿರುವುದರಿಂದ ಹೊರಗೆ ಗೊತ್ತಾಗುವುದಿಲ್ಲ. ಸುತ್ತಿಗೆಯಿಂದ ತಟ್ಟಿ, ಅನುಮಾನ ಬಂದಲ್ಲಿ ಅಂಗೈಯಗಲ ಗಿಲಾವು ಕೆದಕಿ ನೋಡಿಯೇ ಮುಂದುವರಿಯಬೇಕು. ಬಿಗಿದಂತೆ ರಂಧ್ರದೊಳಗೆ ಹಿಗ್ಗಿ ಹಿಡಿಯುವ ಬಗೆಯ ಬೋಲ್ಟನ್ನು ಇಟ್ಟಿಗೆಗೆ ಹಾಕಿದರೆ ಅದು ಬಿಗಿಯಾಗುವ ಬದಲು ಇಟ್ಟಿಗೆಯನ್ನೇ ಸೀಳುತ್ತದೆ. ಕಲ್ಲುಕಟ್ಟಡದಲ್ಲಿ ರಂಧ್ರ ಸಂದಿಗೆ ಬಿದ್ದರೆ ಬೋಲ್ಟಿಗೆ ಹಿಡಿತವೇ ಸಿಗುವುದಿಲ್ಲ. ಇಂಥ ಕಟ್ಟೆಗಳಿಗೆ ಬಾಗಿಲಿನ ಮುಂದಿನ ಭಾಗವನ್ನಾದರೂ ಒಡೆದು, ಕಟ್ಟೆಯ ಹಾಸಿಗೆ ಸರಳಿನಿಂದ ಬೆಸೆದ ಕಾಂಕ್ರೀಟ್ ತೊಲೆಯೊಂದನ್ನು ಅಂಚಿಗೆ ಹಾಕಿಸಿ, ಆ ತೊಲೆಗೆ ಬಫರ್ ಕೂರಿಸುವುದೇ ಬಾಳಿಕೆಯ ದಾರಿ. ಹೇಗೂ ಹೊಸ ತೊಲೆ ಹಾಕುವುದಾದರೆ ಅದರ ಮೇಲಂಚಿಗೆ ಹಿಂದೆ ಕೊಕ್ಕೆ ಬೆಸೆದ 75 ಮಿ.ಮೀ. ಉಕ್ಕಿನ ಆ್ಯಂಗಲ್ ಹೂತುಬಿಡಿ, ಬಫರ್ ಬರುವ ಜಾಗದಲ್ಲಿ 10-12 ಮಿ.ಮೀ. ದಪ್ಪದ ತಗಡನ್ನೂ ಒಳಗೇ ಹಾಕಿ ಕಾಂಕ್ರೀಟ್ ಸುರಿಸಿ. ಮುಂದೆ ಬಫರ್ ಬದಲಿಸುವಾಗ ಗೋಡೆ ಕೊರೆಯುವ ಪ್ರಮೇಯವೇ ಬರುವುದಿಲ್ಲ.

ಅಂಚು ಆಗಲೇ ಒಡೆದಿದ್ದರೆ ಅದರ ಮೇಲೆ ಬಫರ್ ಮುಚ್ಚಿ ಮರೆಮಾಡುವುದು ಬೇಡ. ಸಡಿಲವಾದದ್ದನ್ನೆಲ್ಲ ಕೆತ್ತಿ ತೆಗೆದು, ಸರಳಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಕುಗ್ಗದ ಬಗೆಯ ಗ್ರೌಟ್ (ಸಂದಿಗೆ ತುಂಬುವ ತೆಳು ಸಿಮೆಂಟು ಗಾರೆ) ಅಥವಾ ಮೈಕ್ರೋ ಕಾಂಕ್ರೀಟ್ ತುಂಬಿ, ಗೋಣಿಚೀಲ ಹೊದಿಸಿ ಕನಿಷ್ಠ ಏಳು ದಿನ ನೀರುಣಿಸಬೇಕು. ಮಾರ್ಚ್ ಕಳೆದ ಮೇಲೆ ನಮ್ಮ ಬಿಸಿಲಿಗೆ ಆ ಗೋಣಿ ಮಧ್ಯಾಹ್ನದೊಳಗೆ ಒಣಗಿರುತ್ತದೆ. ದಿನಕ್ಕೊಮ್ಮೆ ನೀರು ಹಾಕಿದರೆ ಸಾಲದು. ಸಾಮಾನ್ಯ ಕಾಂಕ್ರೀಟಿನ ಹೊಸ ತೊಲೆಯನ್ನು 28 ದಿನ ಬಿಟ್ಟೇ ಕೊರೆಯಬೇಕು. ಮೆಕ್ಕೆಜೋಳದ ಆವಕ ಅಕ್ಟೋಬರ್ ಹೊತ್ತಿಗೆ ಏರತೊಡಗುವುದರಿಂದ ಈ ಕೆಲಸಕ್ಕೆ ಆಗಸ್ಟ್‌ನಲ್ಲೇ ಕೈಹಾಕುವುದು ಒಳ್ಳೆಯದು.

ಯಾವ ರಬ್ಬರ್

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ಅಚ್ಚಿನಲ್ಲಿ ಎರಕ ಹೊಯ್ದ ಇಡೀ ಗಟ್ಟಿ ಒಂದು. ಹಳೆಯ ಲಾರಿ ಟೈರುಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಉಕ್ಕಿನ ಸಲಾಕೆಗೆ ಪೋಣಿಸಿ, ಎರಡು ತುದಿಗೆ ಆ್ಯಂಗಲ್ ಕೊಟ್ಟು ಬಿಗಿದ ಪದರದ ಬಫರ್ ಇನ್ನೊಂದು. ಲಾರಿಯ ತಳ ಮೇಲೆ ಕೆಳಗೆ ಉಜ್ಜುವಲ್ಲಿ ಪದರದ ಬಫರ್ ಹೆಚ್ಚು ತಾಳುತ್ತದೆ, ಯಾಕೆಂದರೆ ಟೈರಿನೊಳಗಿನ ನೈಲಾನ್ ನೂಲು ರಬ್ಬರನ್ನು ಹರಿಯಗೊಡುವುದಿಲ್ಲ. ಎರಕದ ಗಟ್ಟಿ ನೋಡಲು ಚೊಕ್ಕ, ಕೂರಿಸಲು ಸುಲಭ, ಲಾರಿಗಳ ಓಡಾಟ ಕಡಿಮೆಯಿದ್ದರೆ ಸಾಕಾಗುತ್ತದೆ. ದಿನವಿಡೀ ಲಾರಿ ತಿರುಗುವ ದೊಡ್ಡ ಗೋದಾಮುಗಳಿಗೆ ಮುಖಕ್ಕೆ ಉಕ್ಕಿನ ತಗಡು ಹೊದಿಸಿದ, ಆ ತಗಡು ಲಾರಿಯ ಜೊತೆ ಮೇಲೆ ಕೆಳಗೆ ಸರಿಯುವ ಬಫರ್‌ಗಳೂ ಇವೆ.

ಎರಕದ ಗಟ್ಟಿಯನ್ನು ಕೊಳ್ಳುವಾಗ ಗಡಸುತನ ಶೋರ್ ಎ ಮಾಪನದಲ್ಲಿ 60ರಿಂದ 75ರ ನಡುವೆ ಇದೆಯೇ ಎಂದು ಕೇಳಿ. ಮೆತ್ತಗಿದ್ದರೆ ಪೂರ್ತಿ ಅಮುಕಿಹೋಗಿ ಹೊಡೆತ ಗೋಡೆಗೇ ದಾಟುತ್ತದೆ, ತೀರ ಗಡಸಾದರೆ ರಬ್ಬರ್ ಇದ್ದೂ ಇಲ್ಲದಂತೆ. ಪಶ್ಚಿಮಕ್ಕೆ ಮುಖ ಮಾಡಿದ, ಸೂರಿಲ್ಲದ ಕಟ್ಟೆಗೆ ಬಿಸಿಲು ತಾಳುವ ಇಪಿಡಿಎಂ ರಬ್ಬರ್ ಒಳ್ಳೆಯದು. ಬರಿಯ ನೈಸರ್ಗಿಕ ರಬ್ಬರ್ ಬಿಸಿಲಿಗೆ ಬೇಗ ಬಿರಿಯುತ್ತದೆ. ಆದರೆ ಎಣ್ಣೆ ಗಿರಣಿಯಲ್ಲಿ ಈ ಸಲಹೆ ತಲೆಕೆಳಗಾಗುತ್ತದೆ. ಎಣ್ಣೆ ತಗುಲಿದರೆ ಇಪಿಡಿಎಂ ಆಗಲಿ ನೈಸರ್ಗಿಕ ರಬ್ಬರ್ ಆಗಲಿ ಊದಿ ಮೆತ್ತಗಾಗುತ್ತವೆ. ಚಳ್ಳಕೆರೆಯಂಥ ಕಡೆ ಶೇಂಗಾ ಎಣ್ಣೆಯ ಡಬ್ಬಿ, ಡ್ರಮ್ಮು ಏರಿಸುವ ಕಟ್ಟೆಗೆ ನೈಟ್ರೈಲ್ ರಬ್ಬರ್ ಕೇಳಿ ತರಿಸಬೇಕು, ಸೋರಿದ ಎಣ್ಣೆಯನ್ನು ಅಂದಂದೇ ಒರೆಸಬೇಕು.

ಇನ್ನು ಹಗ್ಗದಲ್ಲಿ ಇಳಿಬಿಟ್ಟ ಇಡೀ ಟೈರು. ಏನೂ ಇಲ್ಲದಿರುವುದಕ್ಕಿಂತ ಅದು ವಾಸಿಯೇ, ಆದರೆ ಒಳಗೆ ಟೊಳ್ಳಾದ್ದರಿಂದ ಭಾರದ ಲಾರಿಗೆ ಚಪ್ಪಟೆಯಾಗಿ ಬಿಡುತ್ತದೆ, ಹಗ್ಗ ಸವೆದಂತೆ ಜರುಗುತ್ತದೆ, ಮಳೆಗಾಲದಲ್ಲಿ ನೀರು ತುಂಬಿಕೊಂಡು ಡೆಂಗಿ ಸೊಳ್ಳೆಗೆ ಮನೆಯಾಗುತ್ತದೆ. ರೇಡಿಯಲ್ ಟೈರಾದರೆ ಸವೆದಲ್ಲೆಲ್ಲ ಉಕ್ಕಿನ ತಂತಿ ಚುಚ್ಚಿಕೊಂಡು ನಿಂತು ಹಮಾಲರ ಕಾಲು ಸೀಳುತ್ತದೆ.

ಕೂರಿಸುವುದು

ಬಫರಿನ ರಂಧ್ರಗಳನ್ನು ಗೋಡೆಗೆ ಗುರುತು ಹಾಕುವಾಗ ಮೇಲಿನ ಸಾಲಿನ ಬೋಲ್ಟ್ ಕಟ್ಟೆಯ ಮೇಲಂಚಿನಿಂದ ಕನಿಷ್ಠ 150 ಮಿ.ಮೀ. ಕೆಳಗೆ ಬರುವಂತೆ ನೋಡಿಕೊಳ್ಳಬೇಕು. ಅಂಚಿಗೆ ಹತ್ತಿರ ಹೊಡೆದ ಬೋಲ್ಟ್ ಮೊದಲ ದೊಡ್ಡ ಹೊಡೆತಕ್ಕೇ ಮೇಲಿನ ಕಾಂಕ್ರೀಟನ್ನು ಬೆಣೆಯಾಕಾರದಲ್ಲಿ ಕಿತ್ತುಕೊಂಡು ಬರುತ್ತದೆ. ಬಫರಿನ ರಂಧ್ರಗಳು ಇದಕ್ಕೆ ಹೊಂದದಿದ್ದರೆ ಬಫರನ್ನು ನೇರವಾಗಿ ಗೋಡೆಗೆ ಹಾಕದೆ, ಅದಕ್ಕಿಂತ ಉದ್ದನೆಯ ಉಕ್ಕಿನ ತಗಡಿಗೆ ಬಫರ್ ಬಿಗಿದು, ತಗಡಿನ ಬೋಲ್ಟುಗಳನ್ನು ಗಟ್ಟಿಯಾದ ಜಾಗಕ್ಕೆ ಇಳಿಸಬಹುದು.

ಅಂಚಿಗೆ ಸಮೀಪದ ಕೆಲಸವಾದ್ದರಿಂದ ಹಿಗ್ಗುವ ಬೋಲ್ಟಿಗಿಂತ ರಾಸಾಯನಿಕ ಅಂಟಿನಿಂದ ಕೂರಿಸುವ ಬೋಲ್ಟ್ ಇಲ್ಲಿ ಹೆಚ್ಚು ಕ್ಷೇಮ; ಅದು ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದ ದೂಡುವುದಿಲ್ಲ. 16 ಮಿ.ಮೀ. ಬೋಲ್ಟಿಗೆ 18 ಮಿ.ಮೀ. ರಂಧ್ರವನ್ನು 125 ಮಿ.ಮೀ. ಆಳಕ್ಕೆ ಕೊರೆದು, ದೂಳನ್ನು ಊದಿ, ಬ್ರಷ್‌ನಿಂದ ತಿಕ್ಕಿ, ಮತ್ತೆ ಊದಬೇಕು. ದೂಳು ಉಳಿದರೆ ಅಂಟು ದೂಳಿಗೆ ಹಿಡಿಯುತ್ತದೆಯೇ ಹೊರತು ಕಾಂಕ್ರೀಟಿಗಲ್ಲ. ನೋಡುತ್ತ ನಿಲ್ಲದಿದ್ದರೆ ಕೆಲಸದವರು ಈ ಹಂತವನ್ನೇ ಹಾರಿಸಿಬಿಡುತ್ತಾರೆ. ಬೇಸಿಗೆಯಲ್ಲಿ ಅಂಟು ನಿಮಿಷಗಳಲ್ಲಿ ಗಟ್ಟಿಯಾಗುವುದರಿಂದ ಬೆಳಿಗ್ಗೆ ಬಿಸಿಲೇರುವ ಮೊದಲು ಈ ಕೆಲಸ ಮುಗಿಸಿ, ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಬಿಟ್ಟೇ ನಟ್ಟು ಬಿಗಿಯಬೇಕು. ಕೊರೆಯುವಾಗ ಸರಳು ಅಡ್ಡ ಬಂದರೆ ಅದನ್ನು ಕತ್ತರಿಸದೆ ರಂಧ್ರವನ್ನು ಪಕ್ಕಕ್ಕೆ ಸರಿಸಿ, ಹಳೆಯ ರಂಧ್ರಕ್ಕೆ ಗ್ರೌಟ್ ತುಂಬಿ.

ಬೋಲ್ಟಿನ ತಲೆ ರಬ್ಬರಿನ ಮುಖದಿಂದ ಒಳಕ್ಕೆ ಹೂತಿರಲೇಬೇಕು. ರಬ್ಬರ್ ಅಮುಕಿದಾಗಲೂ, ಒಂದಿಷ್ಟು ಸವೆದ ಮೇಲೂ ಲಾರಿಯ ಕಬ್ಬಿಣ ಬೋಲ್ಟಿನ ತಲೆಗೆ ತಾಗಬಾರದು; ತಾಗಿದರೆ ಇಡೀ ಹೊಡೆತ ಆ ಒಂದು ಬೋಲ್ಟಿನ ಮೂಲಕ ಗೋಡೆಯೊಳಗೆ ಹೋಗುತ್ತದೆ. ತಲೆಯ ಕೆಳಗೆ ಅಗಲವಾದ ವಾಷರ್ ಇಲ್ಲದಿದ್ದರೆ ರಬ್ಬರ್ ಬೋಲ್ಟನ್ನು ಅಲ್ಲೇ ಬಿಟ್ಟು ಕಳಚಿ ಬರುತ್ತದೆ. ಹೂತಿಟ್ಟ ತಗಡಿಗೆ ಪದರದ ಬಫರಿನ ಆ್ಯಂಗಲನ್ನು ಬೆಸುಗೆ ಹಾಕುವುದಾದರೆ ಒಂದೇ ಸಮನೆ ಎಳೆಯದೆ ಅಷ್ಟಷ್ಟು ಹಾಕಿ, ನಡುನಡುವೆ ಒದ್ದೆ ಬಟ್ಟೆಯಿಂದ ತಣಿಸಿ. ಹತ್ತಿ, ಗೋಣಿ, ಹೊಟ್ಟು ಇರುವ ಬಾಗಿಲನ್ನು ಮುಚ್ಚಿಸಿ, ಪಕ್ಕದಲ್ಲಿ ನೀರಿಟ್ಟುಕೊಂಡೇ ಬೆಸುಗೆಯ ಕಿಡಿ ಹಾರಿಸಬೇಕು.

ದಪ್ಪ ಮತ್ತು ಸಂದಿ

ನಾಲ್ಕು ಇಂಚು ದಪ್ಪವೇ ರೂಢಿಯಲ್ಲಿರುವುದು. ಇಳಿಜಾರು ಇದ್ದರೆ ಆರು ಇಂಚು. ನಮ್ಮ ಲಾರಿಗಳ ಹಿಂಬದಿಯ ಡೋರ್ ಕೆಳಕ್ಕೆ ಇಳಿಬೀಳುವಂಥದು. ಅದನ್ನು ಬಿಚ್ಚಿ ಹಿಂದಕ್ಕೆ ಬಂದರೆ ಇಳಿಬಿದ್ದ ಡೋರೇ ಬಫರಿಗೆ ತಾಗಿ ಅದರ ಕೊಂಡಿಗಳು ರಬ್ಬರಿಗೆ ಕಚ್ಚುತ್ತವೆ. ಲಾರಿಯ ತಳ ಕಟ್ಟೆಗಿಂತ ಎತ್ತರಕ್ಕಿದ್ದರೆ ಕಟ್ಟೆಯಿಂದ ಒಂದಷ್ಟು ದೂರದಲ್ಲೇ ನಿಂತು, ಡೋರನ್ನು ಕಟ್ಟೆಯ ಮೇಲೆ ಮಲಗುವಂತೆ ಬಿಚ್ಚಿ, ಆಮೇಲೆ ಮೆಲ್ಲಗೆ ಹತ್ತಿರ ಬರುವುದು ಸರಿ.

ದಪ್ಪ ಹೆಚ್ಚಿದಷ್ಟೂ ಕಟ್ಟೆಗೂ ಲಾರಿಗೂ ನಡುವೆ ಸಂದಿ ಹೆಚ್ಚುತ್ತದೆ, ಬೆನ್ನ ಮೇಲೆ ಮೂಟೆ ಇದ್ದವರಿಗೆ ಆ ಸಂದಿ ಕಾಣುವುದಿಲ್ಲ. ಬಫರ್ ಹಾಕಿದ ಕಟ್ಟೆಗೆ ಚೆಕ್ಕರ್ ಪ್ಲೇಟಿನ ಹಾಸುತಗಡು, ಸರಿಯದಂತೆ ಅಡಿಯಲ್ಲಿ ಕಟ್ಟು ಬೆಸೆದದ್ದು, ಬೇಕೇ ಬೇಕು. ಕಟ್ಟೆಗೂ ಲಾರಿಗೂ ನಡುವೆ ಸೇತುವೆಯಂತೆ ಏರಿಳಿಯುವ ಡಾಕ್ ಲೆವೆಲರ್ ಇರುವಲ್ಲಿ, ಲಾರಿಯ ತಳದ ಮೇಲೆ ಕೂರುವ ಅದರ ನಾಲಗೆಯ ಉದ್ದದಿಂದ ಬಫರಿನ ದಪ್ಪವನ್ನು ಕಳೆದು ನೋಡಿ: 400 ಮಿ.ಮೀ. ನಾಲಗೆ, 100 ಮಿ.ಮೀ. ಬಫರ್ ಇದ್ದರೆ ಲಾರಿಯ ಮೇಲೆ ಕೂರುವುದು 300 ಮಿ.ಮೀ.; ಬಫರ್ 150 ಆದರೆ ಉಳಿಯುವುದು 250 ಮಾತ್ರ.

ಈ ಸಂದಿ ಮನುಷ್ಯನ ಮೈಯನ್ನು ಉಳಿಸುವಷ್ಟಿಲ್ಲ ಎಂಬುದನ್ನು ಕಟ್ಟೆಯಲ್ಲಿ ದುಡಿಯುವ ಎಲ್ಲರಿಗೂ ಹೇಳಿರಬೇಕು. ಕ್ಲೀನರ್ ಲಾರಿಯ ಹಿಂದೆ, ಕಟ್ಟೆಗೆ ಬೆನ್ನು ಕೊಟ್ಟು ನಿಂತು "ಬರ್ಲಿ, ಬರ್ಲಿ" ಎನ್ನುವುದನ್ನು ನಿಲ್ಲಿಸಿ, ಚಾಲಕನ ಬದಿಯ ಕನ್ನಡಿಯಲ್ಲಿ ಕಾಣುವಂತೆ ಪಕ್ಕದಲ್ಲಿ ನಿಂತು "ಹೋಲ್ಡಾನ್" ಹೇಳುವಂತೆ ಮಾಡಬೇಕು. ಕನ್ನಡಿಯಲ್ಲಿ ಅವನು ಕಾಣದಿದ್ದರೆ ಚಾಲಕ ಗಾಡಿ ನಿಲ್ಲಿಸಬೇಕು.

ಆಮೇಲಿನ ನಿಗಾ

ಮೊದಲ ತಿಂಗಳು ಕಳೆದ ಮೇಲೆ ಒಮ್ಮೆ ಎಲ್ಲ ನಟ್ಟುಗಳನ್ನು ಬಿಗಿದು ನೋಡಿ. ಆಮೇಲೆ ಸುಗ್ಗಿಯ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸಾಕು. ದಪ್ಪದಲ್ಲಿ ಕಾಲು ಭಾಗ ಸವೆದಿದ್ದರೆ, ಅಂದರೆ ನಾಲ್ಕು ಇಂಚಿನದು ಮೂರಕ್ಕೆ ಬಂದಿದ್ದರೆ, ಬದಲಿಸುವ ಹೊತ್ತಾಯಿತೆಂದು ತಿಳಿಯಿರಿ. ಒಂದು ಬದಿಯದು ಮಾತ್ರ ಬೇಗ ಸವೆಯುತ್ತಿದ್ದರೆ ಲಾರಿಗಳು ಓರೆಯಾಗಿ ಬರುತ್ತಿವೆ ಎಂದೇ ಅರ್ಥ. ರಬ್ಬರ್ ಬದಲಿಸುವ ಮೊದಲು ಅಂಗಳದ ತಿರುವಿಗೆ ಜಾಗ ಸಾಲುತ್ತಿದೆಯೇ, ನೆಲದ ಗೆರೆ ಅಳಿಸಿಹೋಗಿದೆಯೇ ಎಂದು ನೋಡಬೇಕು. ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಿ, ಏಕೆಂದರೆ ಹೊಸದೊಂದು ಹಳೆಯದೊಂದು ಇದ್ದರೆ ದಪ್ಪನೆಯ ಹೊಸದೇ ಎಲ್ಲ ಹೊಡೆತವನ್ನು ತಿನ್ನುತ್ತದೆ. ತೆಗೆದ ಬಫರುಗಳಲ್ಲಿ ಗಟ್ಟಿ ಉಳಿದದ್ದನ್ನು ಕತ್ತರಿಸಿ ಬಾಗಿಲ ಚೌಕಟ್ಟಿನ ಮೂಲೆಗಳಿಗೆ ಬಡಿಯಬಹುದು.